ಬೇಡಿ ಪಡೆದ ಕುಲ

ಹುಟ್ಟುವುದಕ್ಕೆ ಮುಂಚೆಯೇ ಕರೆದು ಕೂರಿಸಿಕೊಂಡು, "ಅಯ್ಯಾ, ನಿನಗೆ ಯಾವ ಕುಲ ಬೇಕು? ಎತ್ತರ ಎಷ್ಟಿರಬೇಕು? ಕಿವಿ ದುಂಡಗಿರಲೋ, ಮೊನಚಾಗಿರಲೋ? ಕೊಂಬು ಬೇಕೋ, ಬೇಡವೋ?" ಎಂದು ವಿಚಾರಿಸುವ ಪದ್ಧತಿ ಭೂಲೋಕದಲ್ಲಿಲ್ಲ. ಇದ್ದಿದ್ದರೆ, ಹಸ್ತಿನಾವತಿಯ ರಂಗದ ನಡುವೆ ಬಿಲ್ಲು ಹಿಡಿದು ನಿಂತ ಕರ್ಣನು ನಿನ್ನ ಕುಲ ಯಾವುದೆಂಬ ಪ್ರಶ್ನೆಗೆ ತಲೆ ತಗ್ಗಿಸಬೇಕಾಗಿರಲಿಲ್ಲ. ಆದರೆ ಅಜೆರಾತ್ ಎಂಬ ಲೋಕದಲ್ಲಿ ಈ ವಿಚಾರಣೆ ತಪ್ಪದೆ ನಡೆಯುತ್ತದೆ. ಅಲ್ಲಿ ಕುಲವನ್ನು ಆರಿಸಿಕೊಳ್ಳದೆ ಯಾರೂ ಹುಟ್ಟುವಂತೆಯೇ ಇಲ್ಲ.

ಅಜೆರಾತ್ ಯಾವ ಭೂಪಟದಲ್ಲಿಯೂ ದೊರೆಯದು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಬ್ಲಿಝಾರ್ಡ್ ಎಂಬ ಸಂಸ್ಥೆಯು 2004ರ ನವೆಂಬರ್ ತಿಂಗಳಲ್ಲಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಕಂಪ್ಯೂಟರ್ ಆಟದೊಳಗಿನ ಲೋಕವದು. ಸಾವಿರಾರು ಮಂದಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತೇ ಅಂತರಜಾಲದ ಮೂಲಕ ಅಲ್ಲಿ ಕೂಡುತ್ತಾರೆ. ಒಂದೇ ಕಾಡಿನಲ್ಲಿ ಅಲೆಯುತ್ತಾರೆ, ಒಂದೇ ಸಂತೆಯಲ್ಲಿ ಚೌಕಾಸಿ ಮಾಡುತ್ತಾರೆ, ಒಂದೇ ಘಟಸರ್ಪದ ಬಾಯಿಗೆ ಒಟ್ಟಾಗಿ ಬೀಳುತ್ತಾರೆ. 2010ರಲ್ಲಿ ಆ ಲೋಕದ ಚಂದಾದಾರರ ಸಂಖ್ಯೆ 1 ಕೋಟಿ 20 ಲಕ್ಷವನ್ನು ಮುಟ್ಟಿತ್ತು.

ಮೊದಲಿಗೆ ಅಲ್ಲಿ ಎಂಟು ಕುಲಗಳಿದ್ದವು. ಅವು ಎರಡು ಪಕ್ಷಗಳಾಗಿ ಒಡೆದಿದ್ದವು. 'ಅಲಯನ್ಸ್' ಎಂಬ ಪಕ್ಷದಲ್ಲಿ ಮನುಷ್ಯರು, ಡ್ವಾರ್ಫ್ ಎಂಬ ಗಡ್ಡದ ಗಿಡ್ಡರು, ನೋಮ್ ಎಂಬ ಅವರಿಗಿಂತಲೂ ಗಿಡ್ಡರು, ನೈಟ್ ಎಲ್ಫ್ ಎಂಬ ನೀಳಗಿವಿಯ ಸುಂದರಾಂಗರು. 'ಹೋರ್ಡ್' ಎಂಬ ಪಕ್ಷದಲ್ಲಿ ಹಸಿರು ಮೈಯ ಆರ್ಕ್, ಕೋರೆಹಲ್ಲಿನ ಟ್ರೋಲ್, ಗೂಳಿಯ ಮುಖದ ಟಾರೆನ್ ಮತ್ತು ಸತ್ತೂ ಸಾಯದ ಅನ್‌ಡೆಡ್. ಯಕ್ಷ, ಗಂಧರ್ವ, ಕಿನ್ನರರ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಪರಿವಾರ ತೀರ ಹೊಸದೆನಿಸಲಾರದು. ಕುದುರೆಮುಖದ ಕಿನ್ನರನಿಗೆ ಕಾವ್ಯಲೋಕದಲ್ಲಿ ಸ್ಥಾನ ಉಂಟಾದರೆ, ಗೂಳಿಮುಖದ ಟಾರೆನ್ ಮಾಡಿದ ಅಪರಾಧವಾದರೂ ಏನು?

ಕುಲವನ್ನು ಕೇಳಿ ಪಡೆಯುವ ಲೋಕದಲ್ಲಿ ಕುಲವನ್ನು ಕುರಿತ ಹೀಗಳಿಕೆಗೆ ಎಡೆಯಿರಬಾರದಷ್ಟೆ. ಆದರೆ ಅಲ್ಲಿನ ಪ್ರಜೆಗಳು ಆಟವನ್ನು ಎಷ್ಟು ಶ್ರದ್ಧೆಯಿಂದ ಆಡುತ್ತಾರೆಯೋ, ಪರಸ್ಪರರ ಕುಲವನ್ನು ಅಷ್ಟೇ ಶ್ರದ್ಧೆಯಿಂದ ಆಡಿಕೊಳ್ಳುತ್ತಾರೆ. ಕುಲಕ್ಕೊಂದು ಬಿರುದು, ಕುಲಕ್ಕೊಂದು ದೂರು. ನೈಟ್ ಎಲ್ಫ್ ಕುಲವನ್ನು ಆರಿಸಿಕೊಂಡವನು ಕನ್ನಡಿಯ ಮುಂದಿನಿಂದ ಏಳಲಾರದವನೆಂದು ಒಬ್ಬರೆಂದರೆ, ಡ್ವಾರ್ಫ್ ಕುಲದವನು ಪಾನಶಾಲೆಯಿಂದ ಏಳಲಾರದವನೆಂದು ಇನ್ನೊಬ್ಬರೆನ್ನುತ್ತಾರೆ. ಆರ್ಕ್‌ಗಳಿಗೆ ಮಾತಿಗಿಂತ ಕೊಡಲಿ ಬೇಗ ತೋಚುತ್ತದೆಯಂತೆ.

ಇವರೆಲ್ಲರಲ್ಲಿ ಹೆಚ್ಚು ಪರಿಹಾಸಕ್ಕೆ ಗುರಿಯಾದವರು ನೋಮ್‌ಗಳು. ಬೇರೆಯವರ ಮೊಣಕಾಲಿನ ಆಚೀಚೆ ನಿಲ್ಲುವ ಎತ್ತರ, ಅದಕ್ಕೆ ಸಲ್ಲದಷ್ಟು ದೊಡ್ಡ ತಲೆ, ಆ ತಲೆಯ ತುಂಬ ಯಂತ್ರಗಳ ಯೋಚನೆ. ಇವರ ನಗರ ವಿಷಧೂಮಕ್ಕೆ ಸಿಕ್ಕಿ ಹಾಳಾದ ಮೇಲೆ ಡ್ವಾರ್ಫ್‌ಗಳ ಊರಿನಲ್ಲಿ ಬಿಡಾರ ಹೂಡಿದರೆಂದು ಆಟದ ಪುರಾಣ ಹೇಳುತ್ತದೆ. ನೋಮ್‌ಗಳನ್ನು ಕಂಡರೆ ಕಾಲ್ಚೆಂಡಿನಂತೆ ಒದೆಯಬೇಕೆನ್ನಿಸುತ್ತದೆ ಎಂಬುದು ಎದುರುಪಕ್ಷದವರ ಹಳೆಯ ಹಾಸ್ಯ. ಆದರೆ ಹೀಗೆನ್ನುವವರು ಒಂದು ಸಂಗತಿಯನ್ನು ಗಮನಿಸಿದಂತಿಲ್ಲ. ಅಜೆರಾತಿನಲ್ಲಿ ಬರಿಗಾಲಿನ ಓಟದ ವೇಗ ಮೂಲತಃ ಎಲ್ಲ ಕುಲಗಳಿಗೂ ಒಂದೇ. ಟಾರೆನ್ ಒಂದು ಹೆಜ್ಜೆಯಿಡುವಷ್ಟರಲ್ಲಿ ನೋಮ್ ಹಲವು ಹೆಜ್ಜೆ ಇಡಬೇಕು, ಇಟ್ಟೇ ಇಡುತ್ತಾನೆ. ಬೆಟ್ಟದಂತಹ ಗೂಳಿ ಗಾಂಭೀರ್ಯದಿಂದ ದಾಪುಗಾಲು ಹಾಕುತ್ತಿರುವಾಗ, ಅದರ ಪಕ್ಕದಲ್ಲಿಯೇ ಗಿರಿಗಿರಿ ತಿರುಗುವ ಎರಡು ಪುಟ್ಟ ಕಾಲುಗಳು ಒಂದಂಗುಲವೂ ಹಿಂದೆ ಬೀಳದೆ ಸಾಗುವ ನೋಟವನ್ನು ಕಂಡು ನಗದವರಿಲ್ಲ. ನಗು ಮುಗಿದ ಮೇಲೆ ಸ್ವಲ್ಪ ಗೌರವವೂ ಹುಟ್ಟಿದರೆ ಆಶ್ಚರ್ಯವಿಲ್ಲ.

ಟಾರೆನ್‌ಗಳ ಕಷ್ಟ ಇದಕ್ಕೆ ತೀರ ವಿರುದ್ಧವಾದದ್ದು. ದೊಡ್ಡ ದೇಹದ ಸಾಧುಪ್ರಾಣಿಗಳು. ಹುಲ್ಲುಗಾವಲಿನಲ್ಲಿ ಗಿಡಮೂಲಿಕೆ ಆಯುತ್ತ ಪ್ರಕೃತಿಯನ್ನು ಪೂಜಿಸುವವರು. ಆದರೆ ಮನೆ ಕಟ್ಟಿದವರು ಯಾರೋ, ಇವರನ್ನು ಮನಸ್ಸಿನಲ್ಲಿಟ್ಟು ಕಟ್ಟಿದವರಲ್ಲ. ವಾಹನವನ್ನೇರಿ ಬಂದ ಟಾರೆನ್ ಬಾಗಿಲಲ್ಲಿ ಸಿಕ್ಕಿಕೊಂಡು ಒದ್ದಾಡಿದ ಕಥೆಗಳಿಗೆ ಲೆಕ್ಕವಿಲ್ಲ. ಇದಕ್ಕಿಂತ ದೊಡ್ಡ ದೂರು ಅಂಚೆಪೆಟ್ಟಿಗೆಯದು. ಇವರು ತಮ್ಮ ಆನೆಯಂತಹ ಕೋಡೋ ಮೃಗದ ಮೇಲೆ ಕುಳಿತು ಊರಿನ ಅಂಚೆಪೆಟ್ಟಿಗೆಯ ಮೇಲೆಯೇ ಬಂದು ನಿಂತರೆಂದರೆ, ಪೆಟ್ಟಿಗೆ ಕಣ್ಮರೆಯಾಗುತ್ತದೆ. ಉಳಿದವರು ಪತ್ರಕ್ಕಾಗಿ ಗೂಳಿಯ ಹೊಟ್ಟೆಯ ಕೆಳಗೆ ತಡಕಾಡಬೇಕಾಗುತ್ತದೆ. ಪಾದರಕ್ಷೆಯ ದುಃಖ ಬೇರೆ. ತಿಂಗಳುಗಟ್ಟಲೆ ಹೋರಾಡಿ, ಘಟಸರ್ಪವನ್ನು ಕೊಂದು, ಅಪೂರ್ವವಾದ ಪಾದರಕ್ಷೆಯನ್ನು ಸಂಪಾದಿಸಿದ ವೀರನಿಗೆ ಅದನ್ನು ತೊಟ್ಟು ಮೆರೆಯುವ ಭಾಗ್ಯವಿಲ್ಲ. ಗೊರಸಿರುವವರಿಗೆ ಪಾದರಕ್ಷೆಯ ಮೇಲ್ಭಾಗ ಮಾತ್ರ ಕಾಣುತ್ತದೆ. ಕೆಳಗೆ ಎಂದಿನ ಗೊರಸೇ.

ಅನ್‌ಡೆಡ್ ಕುಲದ ವಿಚಾರ ತರ್ಕಶಾಸ್ತ್ರಕ್ಕೇ ಸವಾಲು. ಇವರು ಒಮ್ಮೆ ಸತ್ತು ಎದ್ದವರು. ಮೂಳೆಗಳು ಅಲ್ಲಲ್ಲಿ ಚರ್ಮದ ಹೊರಗೆ ಇಣುಕುತ್ತವೆ. ಆದರೂ ದಣಿವಾದಾಗ ನೆಲದ ಮೇಲೆ ಕುಳಿತು ರೊಟ್ಟಿ ತಿನ್ನುತ್ತಾರೆ, ನೀರು ಕುಡಿಯುತ್ತಾರೆ. ರೊಟ್ಟಿ ಸಿಗದಿದ್ದರೆ ಬಿದ್ದ ಹೆಣವನ್ನೇ ತಿಂದು ಚೇತರಿಸಿಕೊಳ್ಳುವ ವಿಶೇಷ ವಿದ್ಯೆಯೂ ಇವರಿಗುಂಟು. ಈ ಕಾರಣದಿಂದ ಇವರನ್ನು ಊಟಕ್ಕೆ ಕರೆಯಲು ಹಿಂಜರಿಯುವವರು ಹೆಚ್ಚು. ಆಟದ ಮೊದಲ ವರ್ಷಗಳಲ್ಲಿ ನೀರಿನೊಳಗೆ ಇವರ ಉಸಿರು ಉಳಿದವರಿಗಿಂತ ಬಹು ದೀರ್ಘಕಾಲ ನಿಲ್ಲುತ್ತಿತ್ತು, ಆದರೆ ಕಡೆಗೊಮ್ಮೆ ಮುಗಿಯುತ್ತಿತ್ತು. ಸತ್ತವನು ಉಸಿರುಕಟ್ಟಿ ಮುಳುಗಿ ಸಾಯುವುದೆಂದರೇನು? ಈ ಪ್ರಶ್ನೆಗೆ ಯಾವ ನೈಯಾಯಿಕನೂ ಉತ್ತರ ಕೊಡಲಾರ. ಆಟದ ಕರ್ತೃಗಳಿಗೂ ನಾಚಿಕೆಯಾಗಿರಬೇಕು. ಮುಂದೆ ಅವರಿಗೆ ನೀರಿನಲ್ಲಿ ಮುಗಿಯದ ಉಸಿರನ್ನು ದಯಪಾಲಿಸಿದರು.

ಹೀಗೆ ನಗುವವರು ಅಗತ್ಯ ಬಿದ್ದಾಗ ಕುಲದ ಮಾತನ್ನು ಎಷ್ಟು ಬೇಗ ಮರೆಯುತ್ತಾರೆಂಬುದಕ್ಕೆ ಡ್ವಾರ್ಫ್ ಪುರೋಹಿತರ ವೃತ್ತಾಂತವೇ ಸಾಕ್ಷಿ. ಆ ಲೋಕದ ಕೆಲವು ಘಟಸರ್ಪಗಳು ಗರ್ಜಿಸಿದರೆ ವೀರರೆಲ್ಲ ದಿಕ್ಕೆಟ್ಟು ಓಡತೊಡಗುತ್ತಾರೆ. ಆ ಭಯವನ್ನು ತಡೆಯುವ ಮಂತ್ರವೊಂದು ಆರಂಭದಲ್ಲಿ ಡ್ವಾರ್ಫ್ ಕುಲದ ಪುರೋಹಿತರಿಗೆ ಮಾತ್ರ ತಿಳಿದಿತ್ತು. ನಿನ್ನೆಯವರೆಗೆ ಅವರ ಗಡ್ಡವನ್ನೂ ಗುಜ್ಜುದೇಹವನ್ನೂ ಲೇವಡಿ ಮಾಡುತ್ತಿದ್ದ ನೀಳಕಾಯದ ಎಲ್ಫ್‌ಗಳು, ಸರ್ಪಬೇಟೆಯ ದಿನ ಬಂತೆಂದರೆ ಊರೂರು ಹುಡುಕಿ ಡ್ವಾರ್ಫ್ ಪುರೋಹಿತರನ್ನು ಓಲೈಸಿ ಕರೆತರುತ್ತಿದ್ದರು. 2007ರಲ್ಲಿ ಆ ಮಂತ್ರ ಎಲ್ಲ ಪುರೋಹಿತರಿಗೂ ದೊರೆಯಿತು. ಡ್ವಾರ್ಫ್‌ಗಳ ಗಡ್ಡ ಮತ್ತೆ ಹಾಸ್ಯದ ವಸ್ತುವಾಯಿತು.

ಅದೇ ವರ್ಷ ಹೋರ್ಡ್ ಪಕ್ಷಕ್ಕೆ ಬ್ಲಡ್ ಎಲ್ಫ್ ಎಂಬ ಚೆಲುವಿನ ಕುಲವೊಂದು ಬಂದು ಸೇರಿತು. ಕೋರೆಹಲ್ಲು, ಕೊಂಬು, ಕಂಕಾಳಗಳ ನಡುವೆ ನೋಡಲು ಒಂದಾದರೂ ಮುಖವಿರಲೆಂದು ಅವರನ್ನು ತಂದರೆಂದು ಹೇಳಿ ಆಟಗಾರರು ನಕ್ಕರು. ನಕ್ಕು, ಹಿಂಡುಹಿಂಡಾಗಿ ಅದೇ ಕುಲದಲ್ಲಿ ಹುಟ್ಟಿದರು. 2010ರಲ್ಲಿ ಬಂದ ಗಾಬ್ಲಿನ್‌ಗಳು ವ್ಯಾಪಾರಿಗಳು. ಯಾವ ಅಂಗಡಿಗೆ ಹೋದರೂ ಅತಿ ಕಡಿಮೆ ಬೆಲೆಗೆ ವಸ್ತು ಪಡೆಯುವುದು ಅವರ ಜನ್ಮಸಿದ್ಧ ಹಕ್ಕು. ಇಂತಹವರು ಪ್ರತಿಯೊಂದು ಬೀದಿಯಲ್ಲಿಯೂ ಒಬ್ಬರಾದರೂ ಇರುವುದರಿಂದ ಹೆಚ್ಚಿನ ವಿವರಣೆ ಬೇಡ. 2012ರಲ್ಲಿ ಪಾಂಡಾ ಕರಡಿಗಳ ಕುಲ ಬಂದಾಗ ದೊಡ್ಡ ಕೋಲಾಹಲವೇ ಎದ್ದಿತು. ವೀರರ ಆಟ ಮಕ್ಕಳ ಆಟವಾಯಿತೆಂದು ಹಿರಿಯ ಆಟಗಾರರು ಹಲುಬಿದರು. ಸತ್ತವನು ರೊಟ್ಟಿ ತಿಂದಾಗ ಕೆಡದಿದ್ದ ಗಾಂಭೀರ್ಯ ಕರಡಿ ಮಲ್ಲಯುದ್ಧ ಮಾಡಿದಾಗ ಕೆಟ್ಟಿತು! ಈ ಕರಡಿಗಳಾದರೋ ಒಂದು ಮಹಾಕೂರ್ಮದ ಬೆನ್ನಿನ ಮೇಲೆ ಹುಟ್ಟಿ, ಸ್ವಲ್ಪ ಬೆಳೆದ ಮೇಲೆ ಯಾವ ಪಕ್ಷವೆಂಬುದನ್ನು ತಾವೇ ನಿಶ್ಚಯಿಸುತ್ತವೆ.

ಪಕ್ಷದ ಮಾತು ಬಂದುದರಿಂದ ಭಾಷೆಯ ವಿಚಾರವನ್ನೂ ಹೇಳಬೇಕು. ಒಂದು ಪಕ್ಷದವರ ಮಾತು ಇನ್ನೊಂದು ಪಕ್ಷದವರಿಗೆ ತಿಳಿಯಬಾರದೆಂಬುದು ಆಟದ ನಿಯಮ. ಇತ್ತಲಿನವನು ಎಷ್ಟೇ ಸ್ಪಷ್ಟವಾಗಿ ಬರೆದರೂ ಅತ್ತಲಿನವನಿಗೆ ಅರ್ಥವಿಲ್ಲದ ಅಕ್ಷರಗಳೇ ಕಾಣುತ್ತವೆ. ನಗು ಬಂದಾಗ ಇಂಗ್ಲಿಷಿನಲ್ಲಿ 'ಲಾಲ್' ಎಂದು ಚುಟುಕಾಗಿ ಬರೆಯುವುದು ಆಟಗಾರರ ರೂಢಿ. ಆರ್ಕ್ ಒಬ್ಬ ಹಾಗೆ ನಕ್ಕರೆ ಎದುರಿನ ಮನುಷ್ಯನಿಗೆ 'ಕೆಕ್' ಎಂದು ಕಾಣುತ್ತಿತ್ತು. ಮನುಷ್ಯ ನಕ್ಕರೆ ಆರ್ಕನಿಗೆ 'ಬರ್' ಎಂದು ಕಾಣುತ್ತಿತ್ತು. ಬಹುಕಾಲ ಎರಡು ಪಕ್ಷಗಳ ನಡುವೆ ತಿಳಿದಿದ್ದ ಶಬ್ದ ಇದೊಂದೇ ಎಂದರೂ ಸಲ್ಲುತ್ತದೆ. ಅಣ್ಣ ಒಂದು ಪಕ್ಷದಲ್ಲಿ, ತಮ್ಮ ಇನ್ನೊಂದರಲ್ಲಿ ಹುಟ್ಟಿದರೆ, ಒಂದೇ ಕೋಣೆಯಲ್ಲಿ ಕುಳಿತಿದ್ದರೂ ಆಟದೊಳಗೆ ಒಟ್ಟಾಗಿ ಹೋರಾಡುವಂತಿರಲಿಲ್ಲ. 2022ರಲ್ಲಿ ಈ ನಿಯಮ ಸಡಿಲಗೊಂಡು, ಎರಡು ಪಕ್ಷದವರೂ ಒಂದೇ ತಂಡ ಕಟ್ಟುವುದು ಸಾಧ್ಯವಾಯಿತು. ಕುಲ ಬೇಸರವಾದರೆ ಅದನ್ನು ಬದಲಾಯಿಸುವ ಅನುಕೂಲವಂತೂ 2009ರಿಂದಲೇ ಉಂಟು. ಅದಕ್ಕೆ 25 ಡಾಲರ್ ಶುಲ್ಕ. ಕುಲದ ಬೆಲೆ ಎಷ್ಟೆಂದು ಇಷ್ಟು ನಿಖರವಾಗಿ ಹೇಳಿದವರು ಹಿಂದೆ ಯಾರೂ ಇದ್ದಂತಿಲ್ಲ.

ಇನ್ನುಳಿದವರು ಮನುಷ್ಯರು. ಇವರನ್ನು ಕುರಿತ ಹಾಸ್ಯವೇ ಎಲ್ಲಕ್ಕಿಂತ ಹರಿತವಾದದ್ದು. "ಗೂಳಿಯಾಗಬಹುದಿತ್ತು, ದೆವ್ವವಾಗಬಹುದಿತ್ತು, ಸತ್ತರೆ ಬೆಳಕಿನ ಉಂಡೆಯಾಗಿ ಹಾರುವ ಎಲ್ಫ್ ಆಗಬಹುದಿತ್ತು. ಇಷ್ಟೆಲ್ಲ ಇದ್ದೂ, ದುಡ್ಡು ಕೊಟ್ಟು ಬಂದು ಮತ್ತೆ ಮನುಷ್ಯನೇ ಆಗುವುದೆ? ಮನೆಯಲ್ಲಿ ಇದ್ದುದು ಸಾಲದಾಯಿತೆ?" ಎಂದು ಉಳಿದ ಕುಲದವರು ಕೇಳುತ್ತಾರೆ. ಕಲ್ಪನಾಶಕ್ತಿ ಬಡವಾದವರ ಕುಲವೆಂದು ಅದಕ್ಕೆ ಹೆಸರು.

ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ತರುಣ ಆರಿಸಿಕೊಂಡದ್ದು ಈ ಕುಲವನ್ನೇ. 1989ರಲ್ಲಿ ಹುಟ್ಟಿದ ಅವನಿಗೆ ಡುಷೆನ್ ಎಂಬ ಸ್ನಾಯುಕ್ಷಯ ರೋಗವಿತ್ತು. ಅದು ಮೈಯ ಸ್ನಾಯುಗಳನ್ನು ಒಂದೊಂದಾಗಿ ಬಲಗುಂದಿಸುವ ರೋಗ. ಬಾಲ್ಯದಲ್ಲಿಯೇ ನಡೆಯುವ ಶಕ್ತಿ ಕುಂದಿ ಅವನು ಗಾಲಿಕುರ್ಚಿಯನ್ನು ಹಿಡಿದನು. ಬೆಳೆದಂತೆ ಕೈಬೆರಳುಗಳ ಸ್ವಲ್ಪ ಚಲನೆ ಮಾತ್ರ ಉಳಿಯಿತು. ಹಗಲೂ ಇರುಳೂ ಪರದೆಯ ಮುಂದೆ ಕುಳಿತಿರುತ್ತಿದ್ದ ಮಗನನ್ನು ಕಂಡು, ಇವನಿಗೆ ಸ್ನೇಹಿತರೆಂಬವರು ಇಲ್ಲವಲ್ಲ ಎಂದು ತಂದೆತಾಯಿಗಳು ಕೊರಗುತ್ತಿದ್ದರು. ಆದರೆ ಅಜೆರಾತಿನಲ್ಲಿ ಅವನು ಇಬೆಲಿನ್ ಎಂಬ ಅಗಲ ಭುಜದ, ಕಟ್ಟುಮಸ್ತಾದ ಮನುಷ್ಯನಾಗಿದ್ದನು. 'ಸ್ಟಾರ್‌ಲೈಟ್' ಎಂಬ ಬಳಗದಲ್ಲಿ ಸೇರಿ ಹಲವರ ಕಷ್ಟಸುಖ ಕೇಳುತ್ತಿದ್ದನು. ಕೊಂಬು, ಕೋರೆ, ರೆಕ್ಕೆಗಳಾವುವೂ ಅವನಿಗೆ ಬೇಕಾಗಿರಲಿಲ್ಲ. ಇಬೆಲಿನ್‌ಗೆ ಎಲ್ಲಕ್ಕಿಂತ ಪ್ರಿಯವಾದದ್ದು ಓಡುವುದು. ಯುದ್ಧಕ್ಕಲ್ಲ, ಬೇಟೆಗಲ್ಲ, ಸುಮ್ಮನೆ ಕಾಡುದಾರಿಯಲ್ಲಿ ಎರಡು ಕಾಲಿನ ಮೇಲೆ ಓಡುವುದು.

2014ರ ನವೆಂಬರಿನಲ್ಲಿ, 25ನೆಯ ವಯಸ್ಸಿನಲ್ಲಿ ಮಾಟ್ಸ್ ತೀರಿಕೊಂಡನು. ಅವನು ಅಂತರಜಾಲದಲ್ಲಿ ಬರೆಯುತ್ತಿದ್ದ ದಿನಚರಿಯ ಪುಟದಲ್ಲಿ ತಂದೆ ಆ ಸುದ್ದಿಯನ್ನು ಪ್ರಕಟಿಸಿದರು. ಓದುವವರು ಯಾರಿದ್ದಾರು ಎಂದುಕೊಂಡಿದ್ದವರಿಗೆ ಹಲವು ದೇಶಗಳಿಂದ ಪತ್ರಗಳು ಬರತೊಡಗಿದವು. ಬಳಗದ ಕೆಲವರು ದೂರದೂರದಿಂದ ಪ್ರಯಾಣ ಮಾಡಿ ಓಸ್ಲೋ ನಗರಕ್ಕೆ ಬಂದು, ಹಿಂದೆಂದೂ ಮುಖತಃ ಕಾಣದ ಗೆಳೆಯನ ಅಂತ್ಯಕ್ರಿಯೆಯಲ್ಲಿ ನಿಂತರು. ಅವನ ಬಾಳನ್ನು ಕುರಿತ ಸಾಕ್ಷ್ಯಚಿತ್ರವೊಂದು 2024ರಲ್ಲಿ ಬಂದಿತು. ಬಳಗದವರು ಕೂಡಿಟ್ಟಿದ್ದ ಸಂಭಾಷಣೆಗಳಿಂದಲೇ ಅದರ ಹೆಚ್ಚಿನ ಭಾಗ ರೂಪುಗೊಂಡಿದೆ.

ಅವನ ನೆನಪಿನ ದಿನದಂದು ಸ್ಟಾರ್‌ಲೈಟ್ ಬಳಗದವರು ಅಜೆರಾತಿನಲ್ಲಿ ಸೇರುವುದುಂಟು. ಮಾತುಗಳು ಮುಗಿದ ಮೇಲೆ ವಾಹನಗಳನ್ನು ಬಿಟ್ಟು, ಇಬೆಲಿನ್ ಓಡುತ್ತಿದ್ದಂತೆ ಎಲ್ಲರೂ ಒಟ್ಟಾಗಿ ಓಡುತ್ತಾರೆ. ಗುಂಪಿನಲ್ಲಿ ನೋಮ್ ಒಬ್ಬನಿದ್ದರೆ, ಅವನ ಕಾಲುಗಳು ಎಂದಿನಂತೆ ಗಿರಿಗಿರಿ ತಿರುಗುತ್ತಿರುತ್ತವೆ.