ಗ್ರಹಣದ ಲೆಕ್ಕವೂ ಧರ್ಮಗ್ರಂಥವೂ

ನಂಬಿದವನು ಪ್ರಶ್ನೆ ಕೇಳಬಾರದೆಂದು ಭಕ್ತರು ಹೇಳುತ್ತಾರೆ. ಪ್ರಶ್ನೆ ಕೇಳಬಲ್ಲವನು ನಂಬಲಾರನೆಂದು ವಿಚಾರವಾದಿಗಳು ಹೇಳುತ್ತಾರೆ. ಪರಸ್ಪರ ವಿರೋಧಿಗಳಾದ ಈ ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿವೆ: ಶ್ರದ್ಧೆಯೂ ಬುದ್ಧಿಯೂ ಒಂದೇ ಮನೆಯಲ್ಲಿ ಬಾಳಲಾರವು ಎಂಬುದೇ ಅದು. ಕ್ರೈಸ್ತ ಧರ್ಮದ ಇತಿಹಾಸದಲ್ಲಿ ಈ ಒಮ್ಮತವನ್ನು ತನ್ನ ಬಾಳಿನಿಂದಲೇ ಅಲ್ಲಗಳೆದ ಓದುಗನೊಬ್ಬನಿದ್ದಾನೆ. ಅವನೇ ಸಂತ ಆಗಸ್ಟೀನ್.

ಕ್ರಿ. ಶ. 354ರಲ್ಲಿ, ಇಂದಿನ ಆಲ್ಜೀರಿಯಾಕ್ಕೆ ಸೇರಿದ ತಗಾಸ್ತೆ ಎಂಬ ಸಣ್ಣ ಊರಿನಲ್ಲಿ ಆತನು ಹುಟ್ಟಿದನು. ತಾಯಿ ಮೋನಿಕಾ ಪರಮ ಭಕ್ತೆ. ಕಾರ್ಥೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ರೋಮನ್ ವಾಗ್ಮಿ ಸಿಸೆರೋವಿನ ಗ್ರಂಥವೊಂದು ಅವನಲ್ಲಿ ಜ್ಞಾನದ ಹಸಿವನ್ನು ಕೆರಳಿಸಿತು. ಆ ಹಸಿವಿನಿಂದಲೇ ಬೈಬಲನ್ನು ತೆರೆದನು; ತೆರೆದಷ್ಟೇ ಬೇಗ ಮುಚ್ಚಿಯೂ ಬಿಟ್ಟನು. ಸಿಸೆರೋವಿನ ಸೊಗಸಾದ ಲ್ಯಾಟಿನ್ ಗದ್ಯದಲ್ಲಿ ಮಿಂದ ಕಿವಿಗೆ ಧರ್ಮಗ್ರಂಥದ ಸರಳ ಭಾಷೆ ಒರಟಾಗಿ ಕೇಳಿಸಿತು. ಪಾಂಡಿತ್ಯದ ಬಿಂಕ ಬಾಗಿಲಲ್ಲೇ ಅಡ್ಡ ನಿಂತಿತ್ತು; ಬಾಗಿಲು ತಗ್ಗಾಗಿತ್ತು, ತಲೆ ಬಾಗಲೊಲ್ಲದು.

ಆಗ ಅವನನ್ನು ಸೆಳೆದವರು ಪರ್ಷಿಯಾದ ಮಾನಿ ಎಂಬ ಪ್ರವಾದಿಯ ಅನುಯಾಯಿಗಳು. ಯಾವುದನ್ನೂ ಕುರುಡಾಗಿ ನಂಬಬೇಕಾಗಿಲ್ಲ, ಎಲ್ಲವನ್ನೂ ಯುಕ್ತಿಯಿಂದಲೇ ತಿಳಿಸಿಕೊಡುವೆವು ಎಂಬುದು ಅವರ ಭರವಸೆ. ಸುಮಾರು ಒಂಬತ್ತು ವರ್ಷ ಆಗಸ್ಟೀನನು ಅವರ ಹಿಂದೆ ನಡೆದನು. ಆದರೆ ಮಾನಿಯ ಗ್ರಂಥಗಳು ಸೂರ್ಯಚಂದ್ರರ ವಿಷಯವಾಗಿ ದೀರ್ಘವಾದ ಕಥೆಗಳನ್ನು ಹೇಳುತ್ತಿದ್ದವು. ಖಗೋಳಶಾಸ್ತ್ರಜ್ಞರಾದರೋ ಗ್ರಹಣದ ದಿನವನ್ನೂ ಗಳಿಗೆಯನ್ನೂ ವರ್ಷಗಳ ಮೊದಲೇ ಲೆಕ್ಕಹಾಕಿ ಹೇಳುತ್ತಿದ್ದರು; ಹೇಳಿದಂತೆಯೇ ಗ್ರಹಣವೂ ಹಿಡಿಯುತ್ತಿತ್ತು. ಈ ಲೆಕ್ಕಕ್ಕೂ ಆ ಕಥೆಗಳಿಗೂ ತಾಳೆ ಬೀಳಲಿಲ್ಲ. ತನ್ನ ಸಂಶಯಗಳಿಗೆಲ್ಲ ಆ ಪಂಥದ ಹೆಸರಾಂತ ಗುರು ಫೌಸ್ಟಸನು ಉತ್ತರ ಕೊಡುವನೆಂದು ಆಗಸ್ಟೀನನು ಕಾದನು. ಬಂದ ಫೌಸ್ಟಸನು ಮಾತಿನಲ್ಲಿ ಮಧುರ, ಶಾಸ್ತ್ರದಲ್ಲಿ ಬಡವ. ತನಗೆ ತಿಳಿಯದೆಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡನು. ಆ ವಿನಯವನ್ನು ಆಗಸ್ಟೀನನು ಮೆಚ್ಚಿದನು. ಆದರೆ ಪಂಥದ ಮೇಲಿನ ವಿಶ್ವಾಸ ಅಂದೇ ಕಳಚಿಬಿತ್ತು.

ಬಳಿಕ ಅಲಂಕಾರಶಾಸ್ತ್ರದ ಅಧ್ಯಾಪಕನಾಗಿ ಮಿಲಾನ್ ನಗರವನ್ನು ಸೇರಿದ ಅವನು ಬಿಷಪ್ ಆಂಬ್ರೋಸರ ಉಪದೇಶಗಳನ್ನು ಕೇಳಲು ಹೋಗತೊಡಗಿದನು. ಹೋದದ್ದು ಭಕ್ತಿಯಿಂದಲ್ಲ, ಅವರ ವಾಗ್ವೈಭವವನ್ನು ಪರೀಕ್ಷಿಸಲು! ಆದರೆ ಮಾತಿನ ಜೊತೆಗೆ ಅರ್ಥವೂ ಒಳಹೊಕ್ಕಿತು. ತನಗೆ ಅಸಂಬದ್ಧವೆನಿಸಿದ್ದ ಹಳೆಯ ಒಡಂಬಡಿಕೆಯ ಭಾಗಗಳಿಗೆ ಆಳವಾದ ಅರ್ಥವಿರಬಹುದೆಂದು ಅವನಿಗೆ ಹೊಳೆಯಿತು. ಬುದ್ಧಿಯ ತಡೆಗಳು ಒಂದೊಂದಾಗಿ ಸರಿದುವು. ಆದರೂ ಹಳೆಯ ಬಾಳನ್ನು ಬಿಡಲು ಮನಸ್ಸು ಒಪ್ಪದು. ಸರಿಯೆಂದು ಕಂಡ ದಾರಿಯಲ್ಲಿ ಕಾಲಿಡಲು ಯುಕ್ತಿಯೊಂದೇ ಸಾಲದೆಂಬುದನ್ನು ಅವನು ಕಂಡುಕೊಂಡದ್ದು ಅಲ್ಲಿ. 386ರಲ್ಲಿ ಆ ಒಳಗುದಿ ಮುಗಿಯಿತು. ಮರುವರ್ಷ ಆಂಬ್ರೋಸರಿಂದಲೇ ದೀಕ್ಷಾಸ್ನಾನ ಪಡೆದನು.

ಇಷ್ಟರಿಂದ ಕಥೆ ಮುಗಿಯಿತೆಂದು ತಿಳಿಯಬಾರದು. ನಂಬಿಕೆ ಬಂದ ಮೇಲೆ ಅವನ ಪ್ರಶ್ನೆಗಳು ನಿಲ್ಲಲಿಲ್ಲ, ಹೆಚ್ಚಿದುವು. ಮುಂದೆ ಹಿಪ್ಪೋ ನಗರದ ಬಿಷಪ್ಪನಾಗಿದ್ದಾಗ ಆದಿಕಾಂಡದ ಮೇಲೆ ಹನ್ನೆರಡು ಭಾಗಗಳ ವ್ಯಾಖ್ಯಾನವನ್ನು ಬರೆದನು. ಬೆಳಕು ಹುಟ್ಟಿದ್ದು ಮೊದಲನೆಯ ದಿನ, ಸೂರ್ಯನು ಹುಟ್ಟಿದ್ದು ನಾಲ್ಕನೆಯ ದಿನ; ಹಾಗಾದರೆ ಸೂರ್ಯನಿಲ್ಲದ ಆ ದಿನಗಳೆಂದರೇನು? ಇಂಥ ಪ್ರಶ್ನೆಗಳನ್ನು ನಾಸ್ತಿಕರು ಕೇಳುವ ಮೊದಲೇ ಅವನು ಕೇಳಿದನು. ಬಾಳಿನ ಕೊನೆಗಾಲದಲ್ಲಿ ತನ್ನ ಬರಹಗಳನ್ನೆಲ್ಲ ತಿರುಗಿ ನೋಡುತ್ತ, ಆ ಕೃತಿಯಲ್ಲಿ ಕಂಡುಕೊಂಡ ಉತ್ತರಗಳಿಗಿಂತ ಕೇಳಿದ ಪ್ರಶ್ನೆಗಳೇ ಹೆಚ್ಚೆಂದು ಸಂಕೋಚವಿಲ್ಲದೆ ಬರೆದಿಟ್ಟನು.

ಅದೇ ವ್ಯಾಖ್ಯಾನದಲ್ಲಿ ಅವನು ಸಹಭಕ್ತರಿಗೆ ಕೊಟ್ಟ ಎಚ್ಚರಿಕೆಯೊಂದುಂಟು. ಆಕಾಶ, ನಕ್ಷತ್ರ, ಗ್ರಹಣಗಳ ವಿಷಯ ಬಲ್ಲ ಅನ್ಯಮತೀಯನ ಮುಂದೆ ಕ್ರೈಸ್ತನು ಬೈಬಲನ್ನು ಹಿಡಿದು ಅಸಂಬದ್ಧವಾಗಿ ಮಾತನಾಡಬಾರದು. ಆಡಿದವನು ನಗೆಗೀಡಾದರೆ ಚಿಂತೆಯಿಲ್ಲ. ಕಣ್ಣಿಗೆ ಕಾಣುವ ವಿಷಯದಲ್ಲೇ ತಪ್ಪಿದ ಗ್ರಂಥವನ್ನು, ಕಾಣದ ಮೋಕ್ಷದ ವಿಷಯದಲ್ಲಿ ಕೇಳುವವನು ಹೇಗೆ ನಂಬಿಯಾನು? ಈ ಮಾತಿನ ಹಿಂದೆ ಫೌಸ್ಟಸನ ನೆನಪು ಇದ್ದಿರಬೇಕು. ಗ್ರಹಣದ ಲೆಕ್ಕವು ಒಂದು ಮತವನ್ನು ತನ್ನ ಮನಸ್ಸಿನಿಂದ ಕಿತ್ತುಹಾಕಿದ್ದನ್ನು ಅನುಭವಿಸಿದವನಲ್ಲವೇ ಅವನು?

ಈ ಎಚ್ಚರಿಕೆಯ ಬೆಲೆ ತಿಳಿಯಲು ಲೋಕಕ್ಕೆ ಬಹಳ ಕಾಲ ಹಿಡಿಯಿತು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದ ಗೆಲಿಲಿಯೋ 1615ರಲ್ಲಿ ಟಸ್ಕನಿಯ ರಾಜಮಾತೆ ಕ್ರಿಸ್ಟೀನಾಳಿಗೆ ಬರೆದ ಪತ್ರದಲ್ಲಿ ಆಗಸ್ಟೀನನನ್ನೇ ಸಾಕ್ಷಿಗೆ ಕರೆದನು. ಸಾಕ್ಷಿ ನಿಲ್ಲಲಿಲ್ಲ. 1633ರಲ್ಲಿ ಧರ್ಮನ್ಯಾಯಾಲಯ ಅವನನ್ನು ಅಪರಾಧಿಯೆಂದಿತು. 1642ರಲ್ಲಿ ಸಾಯುವವರೆಗೂ ಅವನಿಗೆ ಗೃಹಬಂಧನ. ಅಂದಿನ ದೇವಶಾಸ್ತ್ರಜ್ಞರು ತಪ್ಪಿದರೆಂದು ಪೋಪ್ ಎರಡನೆಯ ಜಾನ್ ಪಾಲರು ಒಪ್ಪಿಕೊಂಡದ್ದು 1992ರಲ್ಲಿ.

ಹಾಗಾದರೆ ಧರ್ಮಗ್ರಂಥವನ್ನು ಓದುವುದೇತಕ್ಕೆ? ಇದಕ್ಕೂ ಆಗಸ್ಟೀನನ ಉತ್ತರ ಸ್ಪಷ್ಟವಾಗಿದೆ: ಯಾವ ಓದು ದೇವರ ಮೇಲಣ ಮತ್ತು ನೆರೆಯವನ ಮೇಲಣ ಪ್ರೀತಿಯನ್ನು ಬೆಳೆಸದೋ ಅದು ಗ್ರಂಥವನ್ನು ಅರಿತ ಓದೇ ಅಲ್ಲ. ಗ್ರಹಣದ ಲೆಕ್ಕ ತಪ್ಪಿದರೆ ಬುದ್ಧಿ ತಿದ್ದೀತು. ಪ್ರೀತಿಯ ಲೆಕ್ಕ ತಪ್ಪಿದರೆ ಯಾವ ಪಂಚಾಂಗವೂ ತಿದ್ದಲಾರದು. ತಲೆಯನ್ನು ಬಾಗಿಸದವನು ಆ ತಗ್ಗು ಬಾಗಿಲನ್ನು ದಾಟಲಾರ. ಆದರೆ ಬಾಗಿದ ತಲೆಯನ್ನು ಹೊರಗೇ ಬಿಟ್ಟು ಬರಬೇಕೆಂದು ಆ ಮನೆಯ ಒಡೆಯನು ಎಂದೂ ಕೇಳಿಲ್ಲ.