ಅಂಗೈಯ ಪ್ರಕ್ಷೇಪಗಳು

ಹಳೆಯ ಗ್ರಂಥಗಳಲ್ಲಿ ಪ್ರಕ್ಷೇಪಗಳು ಬಂದು ಸೇರುವ ಬಗೆಯನ್ನು ವಿದ್ವಾಂಸರು ಬಹಳವಾಗಿ ವಿಚಾರಮಾಡಿರುವರು. ಲಿಪಿಕಾರನ ಕಣ್ಣು ಒಂದು ಪಂಕ್ತಿಯಿಂದ ಇನ್ನೊಂದಕ್ಕೆ ಜಾರುವುದು. ಅಂಚಿನ ಟಿಪ್ಪಣಿ ಮೂಲದೊಳಕ್ಕೆ ನುಗ್ಗುವುದು. ಆದರೆ ಬರೆಯುವವನ ಅಂಗೈಯೇ ಅವನಿಗರಿಯದಂತೆ ಪಾಠವನ್ನು ಕೆಡಿಸುವುದು ಈ ಕಾಲದ ವಿಶೇಷ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭದಲ್ಲಿ ಕುಬ್ಜಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನು. ಅವನಿಗೆ ಈ ಎರಡು ಭಯಗಳೂ ಇರಲಿಲ್ಲ.

ಸೊರಬದ ವೃದ್ಧ ಪಂಡಿತರೊಬ್ಬರು ಅಮರಕೋಶಕ್ಕೆ ತಮ್ಮ ಗುರುಗಳು ಬರೆದಿಟ್ಟಿದ್ದ ಕನ್ನಡ ಟೀಕೆಯನ್ನು ಲ್ಯಾಪ್‌ಟಾಪಿನಲ್ಲಿ ಬೆರಳಚ್ಚು ಮಾಡುತ್ತಿದ್ದರು. ಗೆದ್ದಲು ಹಿಡಿದ ಆ ಹಸ್ತಪ್ರತಿಗೆ ಬೇರೆ ನಕಲಿಲ್ಲ. ಯಂತ್ರದಲ್ಲಿದ್ದುದು ಲಿನಕ್ಸ್, ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ವಿದ್ಯೆಯನ್ನು ಮಾರಬಾರದೆಂದು ಪಾಠಶಾಲೆಯಲ್ಲಿ ಕಲಿತವರಿಗೆ ಅದು ಒಪ್ಪಿತವಾದುದರಲ್ಲಿ ಆಶ್ಚರ್ಯವಿಲ್ಲ.

ಸ್ವರ್ಗವರ್ಗ ಮುಗಿದಾಗ ಹಿಂದಿರುಗಿ ಓದಿದರೆ, ಇಂದ್ರನ ಪರ್ಯಾಯಪದಗಳ ನಡುವೆ ಅಗ್ನಿಯ ಟೀಕೆಯ ಮೂರು ಶಬ್ದಗಳು ಕುಳಿತಿವೆ! ಒಂದಲ್ಲ, ಹತ್ತೆಂಟು ಕಡೆ ಹೀಗೆ. ಗುರುವಿನ ಮಾತನ್ನು ತಾವು ಕೆಡಿಸಿದಂತಾಯಿತೆಂದು ಅವರು ಎರಡು ದಿನ ಯಂತ್ರವನ್ನು ಮುಟ್ಟಲಿಲ್ಲ.

ಶಿಕಾರಿಪುರದಿಂದ ತಂಗಿಯ ಮಗ ಬಂದನು. “ಮಾವ, ನೀವು ಬರೆಯಿರಿ, ನಾನು ಕೈಯನ್ನಷ್ಟೇ ನೋಡುತ್ತೇನೆ” ಎಂದನು. ಲ್ಯಾಪ್‌ಟಾಪಿನ ಸಣ್ಣ ಅಕ್ಷರಗಳು ಕಾಣದೆ ಪಂಡಿತರು ದೊಡ್ಡ ಕೀಲಿಮಣೆಯೊಂದನ್ನು ಅದರ ಮೇಲೆಯೇ ಇರಿಸಿಕೊಂಡಿದ್ದರು. ಬರೆಯುವಾಗ ಅಂಗೈ ಇಳಿದು ಟಚ್‌ಪ್ಯಾಡನ್ನು ಸವರುತ್ತಿತ್ತು. ಕರ್ಸರು ಬೇರೆ ಪಂಕ್ತಿಗೆ ಹಾರುತ್ತಿತ್ತು. ಆ ಫಲಕಕ್ಕೆ ಒತ್ತಡವೇ ಬೇಡ. ಚರ್ಮವು ಸಮೀಪಿಸಿದೊಡನೆ ಅದರೊಳಗಿನ ವಿದ್ಯುತ್ ಧಾರಣೆ ಬದಲಾಗುವುದು. ಬೆರಳಾವುದು, ಅಂಗೈಯಾವುದು ಎಂಬ ವಿವೇಚನೆ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶದ ಪಾಲಿನದು, ಅದರ 1.0 ಆವೃತ್ತಿ 2015ರಲ್ಲಿ ಹೊರಬಂದಿತು. ಬೆರಳಚ್ಚಿನ ಹೊತ್ತಿನಲ್ಲಿ ಫಲಕವನ್ನು ಕ್ಷಣಕಾಲ ಸ್ತಬ್ಧಗೊಳಿಸುವ ಏರ್ಪಾಡೂ ಅದರಲ್ಲುಂಟು. ಆದರೆ ಒಳಗಿನ ಫಲಕಕ್ಕೆ ಒಳಗಿನ ಕೀಲಿಮಣೆಯೇ ಜೊತೆ. ಹೊರಗಿನಿಂದ ತಂದು ಜೋಡಿಸಿದುದರ ಮೇಲೆ ಬರೆದರೆ ಫಲಕಕ್ಕೆ ಆ ಸುದ್ದಿಯೇ ಮುಟ್ಟದು.

“ತಟ್ಟಿದರೆ ಕ್ಲಿಕ್ಕಾಗುವುದನ್ನು ತೆಗೆದುಬಿಡಲೇ?”

“ಬೇಡ ಮಾರಾಯ. ಗಂಟುನೋವಿನ ಬೆರಳು, ತಟ್ಟಿಯೇನು, ಒತ್ತಲಾರೆ.”

ಕಡೆಗೆ ಹಗುರವಾದ ಮೌಸೊಂದನ್ನು ಸಿಕ್ಕಿಸಿ, ಗ್ನೋಮ್‌ನ ಸೆಂಡ್-ಇವೆಂಟ್ಸ್ ಎಂಬ ಅಂಶಕ್ಕೆ ಡಿಸೇಬಲ್ಡ್-ಆನ್-ಎಕ್ಸ್‌ಟರ್ನಲ್-ಮೌಸ್ ಎಂಬ ಬೆಲೆಯನ್ನು ಟರ್ಮಿನಲ್ಲಿನಿಂದ ಒಂದೇ ಪಂಕ್ತಿಯಲ್ಲಿ ಕೊಟ್ಟನು. ಮೌಸಿರುವವರೆಗೆ ಫಲಕವು ಮೌನ. “ಫಲಕ ನಡೆಯಲಿ ಎಂಬುದು ಉತ್ಸರ್ಗ, ಮೌಸಿದ್ದಾಗ ಬೇಡವೆಂಬುದು ಅಪವಾದ, ನಿನ್ನ ಲಿನಕ್ಸಿನವರು ವ್ಯಾಕರಣ ಓದಿರಬೇಕು” ಎಂದು ಪಂಡಿತರು ನಕ್ಕರು.

ಬಳಿಕ ಹುಡುಗನು ಮೂಲವನ್ನು ಓದುತ್ತ ಹೋದನು. ಅವರು ತಿದ್ದುತ್ತ ಬಂದರು. ಒಂದು ಕಡೆ ಮಾತ್ರ ಇಬ್ಬರೂ ನಿಂತರು. ವರುಣನ ಟೀಕೆಯಲ್ಲಿ ಎರಡು ಶಬ್ದಗಳು ಹೆಚ್ಚಾಗಿ ಕಂಡವು. ಹಾಳೆಯ ಆ ಮೂಲೆಯೋ ನಕಲು ಮಾಡಿದ ದಿನವೇ ಪುಡಿಯಾಗಿ ಉದುರಿಹೋಗಿತ್ತು. ಅವು ಗುರುಗಳವೋ ಅಂಗೈಯವೋ ತಿಳಿಯದೆ, ಪಂಡಿತರು ಅವನ್ನು ಅಳಿಸದೆ ಕಂಸದಲ್ಲಿಟ್ಟು ಮುಂದಕ್ಕೆ ಹೋದರು.