ಎತ್ತಿನ ಉಣ್ಣಿ ಕಿತ್ತಂಗ ಮೈ ಮ್ಯಾಲಿಂದು ಕೀಳಬ್ಯಾಡ್ರಿ



ನಮ್ಮ ಹೊಲ ಕಲಘಟಗಿ ಕಡೆ, ಅಡವಿ ಅಂಚಿಗೇ ಐತಿ. ಭತ್ತದ ಒಕ್ಕಲಿ ಮುಗಿದ ಮ್ಯಾಲ ಒಂದಿನ ಸಂಜಿಗೆ ಮಣಕ ಮನಿಗೆ ಬರಲಿಲ್ಲ. ಮಗಳನ್ನ ಕರಕೊಂಡು ಅಡವ್ಯಾಗ ಹುಡುಕಿ ಹೊಡಕೊಂಡು ಬಂದೆ. ರಾತ್ರಿ ಜಳಕ ಮಾಡಿಸುವಾಗ ಅವರವ್ವ ಕರೆದಳು. ಹುಡುಗಿ ಮೊಳಕಾಲ ಹಿಂದ ಎಳ್ಳಿನಷ್ಟು ಉಣ್ಣಿ ಕಚ್ಚಿಕೊಂಡಿತ್ತು.

ಎತ್ತಿನ ಕಿವಿಯಾಗಿನ ಉಣ್ಣಿ ದಿನಾ ಕಿತ್ತು ಉಗುರಾಗ ಚಿವುಟಿ ಒಗಿಯೋ ಕೈ ನಂದು. ಹಂಗೇ ಉಗುರು ಹಾಕಿ ಜಗ್ಗಿದೆ. ಹೊಟ್ಟಿ ಒಡೆದು ರಸ ಬೆರಳಿಗೆ ಹತ್ತಿತು, ಬಾಯಿ ಚರ್ಮದಾಗ ಉಳೀತು.

ಮರುದಿನ ನಮ್ಮೂರ ಆಶಾ ಅಕ್ಕಾರಿಗೆ ತೋರಿಸಿದ್ರ, ‘ಅಣ್ಣಾರ, ಮಂಗನ ಕಾಯಿಲೆ ಕೇಳಿಲ್ಲೇನ್ರಿ?’ ಅಂದ್ರು. ಕೇಳಿದ್ದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಅಡವಿಯಾಗ ಮೊದಲು ಪತ್ತೆಯಾದ ರೋಗ, ಹರಡೋದು ಉಣ್ಣಿಯಿಂದ. ನಮ್ಮ ಅಡವಿ ದಾಟಿದ್ರ ಉತ್ತರ ಕನ್ನಡ, ಅಲ್ಲೂ ಬಂದೈತಿ. ಕಚ್ಚಿದ ಮೂರರಿಂದ ಎಂಟು ದಿನದಾಗ ಜ್ವರ ಕಾಣಿಸ್ಕೋತೈತಿ ಅಂದ್ರು. ಎಂಟು ರಾತ್ರಿ ಎದ್ದೆದ್ದು ಮಗಳ ಹಣಿ ಮುಟ್ಟಿ ನೋಡೇನಿ. ಜ್ವರ ಬರಲಿಲ್ಲ. ಕಚ್ಚಿದಲ್ಲಿ ಗಂಟು ಮಾತ್ರ ಬಾಳ ದಿನ ಇತ್ತು.

ಅಕ್ಕಾರು ಹೇಳಿದ್ದು ಇಷ್ಟು: ಬೀಡಿ ಸುಡಬ್ಯಾಡ್ರಿ, ಚಿಮಣಿ ಎಣ್ಣಿ, ಸುಣ್ಣ ಹಚ್ಚಬ್ಯಾಡ್ರಿ. ತ್ರಾಸಾದ್ರ ಉಣ್ಣಿ ಒಳಗಿನ ರಸ ಗಾಯಕ್ಕ ಕಾರಬಹುದು. ತುದಿ ಸಣ್ಣಂದು ಚಿಮಟಾ ತಗೊಂಡು, ಹೊಟ್ಟಿ ಹಿಡೀದೆ, ಚರ್ಮಕ್ಕ ಹತ್ತಿ ಬಾಯಿ ಹತ್ರ ಹಿಡೀರಿ. ತಿರುವಬ್ಯಾಡ್ರಿ, ಜರ್ಕ ಹೊಡೀಬ್ಯಾಡ್ರಿ, ಸಾವಕಾಶ ನೆಟ್ಟಗ ಮ್ಯಾಲಕ್ಕ ಎಳೀರಿ. ಬಾಯಿ ಮುರಿದು ಉಳಿದ್ರ ಸೂಜಿಲೆ ಕೆದಕಬ್ಯಾಡ್ರಿ, ತಾನ ಹೊರಗ ಬರತೈತಿ. ಗಾಯ, ಕೈ ಎರಡೂ ಸಾಬೂನು ಹಚ್ಚಿ ತೊಳೀರಿ. ಉಣ್ಣಿನ ಬೆರಳಾಗ ಒರಸದೆ ಸ್ಪಿರಿಟ್‌ನ್ಯಾಗ ಹಾಕ್ರಿ. ಕಚ್ಚಿದ ತಾರೀಖು ಬರದಿಡ್ರಿ. ಆಮ್ಯಾಲ ಜ್ವರ, ತಲಿನೋವು, ಮೈಕೈ ನೋವು ಬಂದ್ರ ಅಂಗಡಿ ಗುಳಿಗಿ ನುಂಗಿ ಕೂಡಬ್ಯಾಡ್ರಿ. ದವಾಖಾನಿಗೆ ಹೋಗಿ, ‘ಅಡವಿಗೆ ಹೋಗಿದ್ದೆ, ಉಣ್ಣಿ ಕಚ್ಚೈತಿ’ ಅಂತ ಮೊದಲು ಹೇಳ್ರಿ.

ದನ ತಪ್ಪಿಸ್ಕೊಂಡ್ರ ಅಡವಿಗೆ ಹೋಗೋದು ನಮಗ ತಪ್ಪಿದ್ದಲ್ಲ. ಉದ್ದ ಪ್ಯಾಂಟು, ತುಂಬು ತೋಳಿನ ಅಂಗಿ ಹಾಕೊಂಡು ಹೋಗ್ರಿ. ಬಂದ ಕೂಡಲೇ ಅರಿವಿ ಬಿಸಿನೀರಿಗೆ ಹಾಕಿ, ಕಂಕುಳ, ತೊಡಿಸಂದಿ, ಕಿವಿ ಹಿಂದ, ಮೊಳಕಾಲ ಹಿಂದ ನೋಡ್ಕೋರಿ. ನಮ್ಮ ಮನ್ಯಾಗ ಈಗ ಬಚ್ಚಲ ಗ್ವಾಡಿ ಮೊಳಿಗೆ ಒಂದು ಚಿಮಟಾ ಕಟ್ಟೇನಿ. ನೀವೂ ಕಟ್ರಿ.